37ನೇ ಮನೆ: ಕ್ಯಾಸಿನೊದ ಲೆಕ್ಕ ಕಣ್ಣಿಗೆ ಕಾಣದಾದದ್ದು ಹೇಗೆ?

ತಿರುಗುವ ಚಕ್ರದಲ್ಲಿ ಗೋಲಿ ಯಾವ ಮನೆಗೆ ಬೀಳುತ್ತದೆ ಅಂತ ಪಂದ್ಯ ಕಟ್ಟುವ ಜೂಜು ರೂಲೆಟ್. ಯುರೋಪಿನ ರೂಲೆಟ್ ಚಕ್ರದಲ್ಲಿ 37 ಮನೆಗಳಿರುತ್ತವೆ. 1ರಿಂದ 36ರವರೆಗೆ ಕೆಂಪು, ಕಪ್ಪು. ಜೊತೆಗೆ ಹಸಿರು ಬಣ್ಣದ ಒಂದು ಸೊನ್ನೆ. ಒಂದು ಅಂಕಿಯ ಮೇಲೆ ಒಂದು ಚಿಪ್ (ಹಣದ ಬದಲು ಇಡುವ ಬಿಲ್ಲೆ) ಇಟ್ಟು ಗೆದ್ದರೆ 35 ಚಿಪ್ ಸಿಗುತ್ತದೆ, ಇಟ್ಟ ಚಿಪ್ಪೂ ವಾಪಸ್ ಬರುತ್ತದೆ. ಈಗ 37 ಮನೆಗಳ ಮೇಲೂ ಒಂದೊಂದು ಚಿಪ್ ಇಟ್ಟಿದ್ದೀರಿ ಅಂದುಕೊಳ್ಳಿ. ಗೋಲಿ ಎಲ್ಲಿ ಬಿದ್ದರೂ ಗೆಲುವು ನಿಮ್ಮದೇ. ಆದರೆ ಕೈಗೆ ಬರುವುದು 36. ಪ್ರತಿ ಸುತ್ತಿನಲ್ಲೂ ಒಂದು ಚಿಪ್ ಟೇಬಲ್ಲಿನ ಆ ಕಡೆ ಉಳಿದುಬಿಡುತ್ತದೆ. ಕ್ಯಾಸಿನೊ ಬದುಕುವುದು ಆ ಒಂದು ಚಿಪ್ಪಿನ ಮೇಲೆ. ನೂರಕ್ಕೆ 2.7.

ಕ್ಯಾಸಿನೊದಲ್ಲಿ ಎಲ್ಲವೂ ಕೈಚಳಕ, ಮೋಸ ಅಂತ ತುಂಬ ಜನ ನಂಬಿದ್ದಾರೆ. ಈ ನಂಬಿಕೆಯಿಂದ ಒಂದು ತೊಂದರೆಯಿದೆ. ಮೋಸವಿಲ್ಲದ ಕಡೆ ಆಡಿದರೆ ಗೆಲ್ಲಬಹುದು ಅಂತ ಅನ್ನಿಸಿಬಿಡುತ್ತದೆ. ನಿಜ ಹೇಳಬೇಕೆಂದರೆ ಪೂರ್ತಿ ಪ್ರಾಮಾಣಿಕವಾದ ಚಕ್ರವೇ ಮಾಲೀಕರಿಗೆ ಬೇಕಾದದ್ದು. ಚಕ್ರ ಒಂದು ಕಡೆ ವಾಲಿದ್ದರೆ, ಅದನ್ನು ಮೊದಲು ಪತ್ತೆ ಹಚ್ಚುವ ಆಟಗಾರ ಅವರನ್ನೇ ದೋಚುತ್ತಾನೆ. ಹತ್ತೊಂಬತ್ತನೇ ಶತಮಾನದಲ್ಲಿ ಜೋಸೆಫ್ ಜ್ಯಾಗರ್ ಎಂಬ ಇಂಗ್ಲೆಂಡಿನವರು ಮೊನಾಕೊದ ಮಾಂಟೆ ಕಾರ್ಲೊ ಕ್ಯಾಸಿನೊದಲ್ಲಿ ಮಾಡಿದ್ದು ಅದನ್ನೇ.

ಸರ್ಕಾರವೇ ಜೂಜಿಗೆ ಬಾಗಿಲು ತೆರೆದ ಕಥೆ 1638ರ ವೆನಿಸ್‌ನಲ್ಲಿ ಶುರುವಾಗುತ್ತದೆ. ಕಾರ್ನಿವಲ್ ಕಾಲದ ಕದ್ದುಮುಚ್ಚಿದ ಜೂಜನ್ನು ಹಿಡಿತಕ್ಕೆ ತರಲು ಅಲ್ಲಿನ ಆಡಳಿತ 'ರಿಡೊಟ್ಟೊ' ಎಂಬ ಜಾಗ ತೆರೆಯಿತು. ಆಡುವವರು ಮುಖವಾಡ ಹಾಕಬೇಕಿತ್ತು. ಎಲೆ ಹಂಚುವವರು ಮಾತ್ರ ಬರಿ ಮುಖದಲ್ಲಿ ಕೂರುತ್ತಿದ್ದರು. ಅವರಲ್ಲಿ ಆಸ್ತಿ ಕಳೆದುಕೊಂಡ ಶ್ರೀಮಂತ ಮನೆತನದವರು ಬಹಳ ಮಂದಿ. ಕ್ಯಾಸಿನೊ ಉದ್ಯೋಗಿಗಳ ಮೊದಲ ತಲೆಮಾರು ಅಂದರೆ ಇವರೇ ಇರಬೇಕು. ಊರಿನ ಸಂಪತ್ತು ಕರಗುತ್ತಿದೆ ಅಂತ 1774ರಲ್ಲಿ ಅದನ್ನು ಮುಚ್ಚಿದರು.

ಇದರ ನಡುವೆ, 1654ರಲ್ಲಿ, ಜೂಜಿನ ಲೆಕ್ಕ ಕಾಗದಕ್ಕೆ ಬಂತು. ಒಂದು ದಾಳವನ್ನು ನಾಲ್ಕು ಸಲ ಎಸೆದರೆ ಒಮ್ಮೆಯಾದರೂ ಆರು ಬೀಳುತ್ತದೆ ಅಂತ ಪಂದ್ಯ ಕಟ್ಟಿದರೆ ನಿಧಾನಕ್ಕೆ ಲಾಭ. ಎರಡು ದಾಳವನ್ನು 24 ಸಲ ಎಸೆದರೆ ಜೋಡಿ ಆರು ಬೀಳುತ್ತದೆ ಅಂತ ಕಟ್ಟಿದರೆ ನಿಧಾನಕ್ಕೆ ನಷ್ಟ. ಯಾಕೆ ಹೀಗೆ ಎಂಬುದು ಶೆವಲಿಯೆ ದ ಮೆರೆ ಎಂಬ ಫ್ರೆಂಚ್ ಜೂಜುಗಾರನ ಪ್ರಶ್ನೆ. ಅವನು ಕೇಳಿದ ಪ್ರಶ್ನೆಗಳಿಂದಲೇ ಗಣಿತಜ್ಞರಾದ ಪಾಸ್ಕಲ್ ಮತ್ತು ಫರ್ಮಾ ನಡುವೆ ಪತ್ರಗಳು ಓಡಾಡಿದವು, ಸಂಭವನೀಯತೆಯ ಗಣಿತ ಹುಟ್ಟಿತು. ಮೊದಲ ಪಂದ್ಯದಲ್ಲಿ ಗೆಲುವಿನ ಸಾಧ್ಯತೆ ನೂರಕ್ಕೆ 51.8, ಎರಡನೆಯದರಲ್ಲಿ 49.1. ಇಷ್ಟು ಸಣ್ಣ ಅಂತರ ಸಾಕು, ಆಟ ಸಾವಿರಾರು ಸಲ ನಡೆಯಬೇಕು ಅಷ್ಟೆ.

ಆ ಅಂತರವನ್ನು ಕಡಿಮೆ ಮಾಡಿ ಜಾಸ್ತಿ ದುಡಿದವರು ಫ್ರಾಂಸ್ವಾ ಬ್ಲಾಂ ಎಂಬ ಕ್ಯಾಸಿನೊ ಮಾಲೀಕರು. 1843ರಲ್ಲಿ ಜರ್ಮನಿಯ ಹೊಂಬರ್ಗ್‌ನಲ್ಲಿ ಒಂದೇ ಸೊನ್ನೆಯ ಚಕ್ರ ಇಟ್ಟರು. ಬೇರೆ ಕಡೆ ಎರಡು ಸೊನ್ನೆ ಇದ್ದವು. ಜನ ಇವರಲ್ಲಿಗೇ ಬಂದರು. ಆಮೇಲೆ ಮಾಂಟೆ ಕಾರ್ಲೊ ಬೆಳೆದದ್ದೂ ಅವರ ಕೈಯಲ್ಲೇ. ಅಮೆರಿಕದಲ್ಲಿ ಎರಡು ಸೊನ್ನೆಯೇ ಉಳಿಯಿತು, ಅಲ್ಲಿ ಕಡಿತ, ಅಂದರೆ ಕಟ್ಟಿದ ಹಣದಲ್ಲಿ ಕ್ಯಾಸಿನೊಗೆ ಉಳಿಯುವ ಪಾಲು, ನೂರಕ್ಕೆ 5.26. ಈಗ ಲಾಸ್ ವೇಗಸ್‌ನ ಕೆಲವು ಟೇಬಲ್‌ಗಳಲ್ಲಿ ಮೂರು ಸೊನ್ನೆ, ಕಡಿತ 7.69. ಆದರೂ ಮನೆಗಳನ್ನು ಎಣಿಸಿದರೆ ಇದೆಲ್ಲ ಗೊತ್ತಾಗುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಟೇಬಲ್ಲಿನ ಹಿಂದೆ ನಿಂತ ಡೀಲರ್ ನಮ್ಮ ಎದುರಾಳಿಯಲ್ಲ. ಎಲೆಗಳ ಮೊತ್ತ 21 ದಾಟದಂತೆ ಅದರ ಹತ್ತಿರ ಹೋಗಬೇಕಾದ ಬ್ಲ್ಯಾಕ್‌ಜಾಕ್ ಆಟದಲ್ಲಿ ಇನ್ನೊಂದು ಎಲೆ ತೆಗೆಯಬೇಕೋ ಬೇಡವೋ ಅಂತ ಯೋಚಿಸುವ ಹಕ್ಕೂ ಡೀಲರ್‌ಗಿಲ್ಲ. ಸಾಮಾನ್ಯವಾಗಿ 16ರವರೆಗೆ ತೆಗೆಯಲೇಬೇಕು, 17 ಮುಟ್ಟಿದರೆ ನಿಲ್ಲಬೇಕು. ಹಾಗಾದರೆ ಕ್ಯಾಸಿನೊದ ಲಾಭ ಎಲ್ಲಿಂದ? ಆಟಗಾರ ಮೊದಲು ಆಡುತ್ತಾನೆ. 21 ದಾಟಿದ ಕ್ಷಣವೇ ಅವನ ಹಣ ಹೋಯಿತು. ಆಮೇಲೆ ಡೀಲರ್ ಕೂಡ 21 ದಾಟಿದರೂ ಆ ಹಣ ವಾಪಸ್ ಬರುವುದಿಲ್ಲ. ಆಟದ ಗುಟ್ಟೆಲ್ಲ ಇರುವುದು ಈ ಸರದಿಯಲ್ಲಿ.

ಡೀಲರ್ ಕೆಲಸದಲ್ಲಿ ಎರಡು ವಿಷಯ ಮುಖ್ಯ: ತಪ್ಪಿಲ್ಲದಿರುವುದು, ವೇಗ. ಗಂಟೆಗೆ ಜಾಸ್ತಿ ಆಟ ನಡೆದಷ್ಟೂ ಕಡಿತ ಜಾಸ್ತಿ. ಉಳಿದದ್ದೆಲ್ಲ ಕ್ಯಾಮೆರಾಕ್ಕಾಗಿ. ನೋಟು ತೆಗೆದುಕೊಂಡರೆ ಟೇಬಲ್ ಮೇಲೆ ಹರಡಿ ತೋರಿಸಬೇಕು, ಮೊತ್ತ ಜೋರಾಗಿ ಹೇಳಬೇಕು. ಟೇಬಲ್ ಬಿಡುವಾಗ ಎರಡೂ ಅಂಗೈ ತಿರುಗಿಸಿ ಏನೂ ಇಲ್ಲ ಅಂತ ತೋರಿಸಬೇಕು. ಡೀಲರ್ ಮೇಲೆ ಸೂಪರ್‌ವೈಸರ್ ಕಣ್ಣು, ಅವರ ಮೇಲೆ ಪಿಟ್ ಬಾಸ್ (ಹಲವು ಟೇಬಲ್‌ಗಳ ಮುಖ್ಯಸ್ಥ) ಕಣ್ಣು, ಎಲ್ಲರ ಮೇಲೂ ಛಾವಣಿಯ ಕಣ್ಣು. ಕ್ಯಾಮೆರಾ ಬರುವ ಮೊದಲು ಮೇಲಿನ ಅಟ್ಟದಲ್ಲಿ ಒಮ್ಮುಖ ಗಾಜಿನ ಹಿಂದೆ ಜನರೇ ನಡೆದಾಡಿ ಕಾಯುತ್ತಿದ್ದರು. ಸೋತವರು ಬೈಯುವುದು ಇದೇ ಡೀಲರನ್ನು. ಟಿಪ್ಸ್ ನಂಬಿ ಬದುಕುವ ಅವರು ಆಟಗಾರ ಗೆಲ್ಲಲಿ ಅಂತಲೇ ಬಯಸುತ್ತಾರೆ, ಯಾಕೆಂದರೆ ಸೋತವನು ಟಿಪ್ಸ್ ಕೊಡುವುದಿಲ್ಲ. ಸುಮ್ನೆ ಬೈಸಿಕೊಂಡು, ಪಕ್ಕದವರ ಸಿಗರೇಟು ಹೊಗೆ ಕುಡಿದು, ಪಾಳಿ ಮುಗಿಸುವ ಈ ಜನರ ಬಗ್ಗೆ ನಾವು ಯೋಚಿಸುವುದೇ ಕಡಿಮೆ.

1962ರಲ್ಲಿ ಎಡ್ವರ್ಡ್ ಥಾರ್ಪ್ ಎಂಬ ಗಣಿತಜ್ಞರು ಬ್ಲ್ಯಾಕ್‌ಜಾಕ್‌ನಲ್ಲಿ ಹೊರಬಿದ್ದ ಎಲೆಗಳ ಲೆಕ್ಕ ಇಟ್ಟರೆ ಆಟಗಾರನ ಕಡೆ ತಕ್ಕಡಿ ವಾಲುತ್ತದೆ ಅಂತ ತೋರಿಸಿದರು. 1964ರಲ್ಲಿ ಲಾಸ್ ವೇಗಸ್ ನಿಯಮ ಬಿಗಿ ಮಾಡಿತು. ಜನ ಬರುವುದು ಕಡಿಮೆಯಾದಾಗ ಸಡಿಲಿಸಿತು. ಬರಬರುತ್ತಾ ಬೇರೆ ದಾರಿ ಸಿಕ್ಕಿತು: ಆರೆಂಟು ಕಟ್ಟು ಎಲೆ ಒಟ್ಟಿಗೆ ಕಲೆಸುವುದು, ಎಲೆ ಕಲೆಸುವ ಯಂತ್ರ, ಮತ್ತು ಬ್ಲ್ಯಾಕ್‌ಜಾಕ್ (ಮೊದಲ ಎರಡೇ ಎಲೆಗಳಲ್ಲಿ 21) ಬಿದ್ದಾಗ 10 ಚಿಪ್ಪಿಗೆ 15ರ ಬದಲು 12 ಕೊಡುವುದು. ಈ ಕೊನೆಯದನ್ನು ಟೇಬಲ್ ಮೇಲೇ ಬರೆದಿರುತ್ತಾರೆ. ಓದಿದರೂ ಸಣ್ಣದು ಅನ್ನಿಸುತ್ತದೆ. ಆದರೆ ಅದೊಂದೇ ಕಡಿತವನ್ನು ನೂರಕ್ಕೆ ಸುಮಾರು 1.4ರಷ್ಟು ಏರಿಸುತ್ತದೆ.

ಇಲ್ಲಿಯವರೆಗಿನದು ಕಣ್ಣಿಗೆ ಕಾಣುವ ಲೆಕ್ಕ. ನನ್ನನ್ನು ಕಾಡುವುದು ಸ್ಲಾಟ್ ಯಂತ್ರ, ಅಂದರೆ ಹಣ ಹಾಕಿ ಚಿಹ್ನೆಗಳಿರುವ ಗಾಲಿ ತಿರುಗಿಸುವ ಜೂಜಿನ ಯಂತ್ರ. 1890ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಚಾರ್ಲ್ಸ್ ಫೇ ಮಾಡಿದ ಯಂತ್ರದಲ್ಲಿ ಮೂರು ಗಾಲಿ, ಒಂದೊಂದರಲ್ಲೂ 10 ನಿಲುಗಡೆ. ಒಟ್ಟು 1,000 ಜೋಡಣೆ. ದೊಡ್ಡ ಬಹುಮಾನ ಕೊಡಬೇಕೆಂದರೆ ಗೆಲುವು ಅಪರೂಪವಾಗಬೇಕು, ಅದಕ್ಕೆ ಗಾಲಿ ದೊಡ್ಡದಾಗಬೇಕು. ಗಾಲಿ ದೊಡ್ಡದಾದರೆ ಜನ ಅನುಮಾನಪಡುತ್ತಾರೆ.

1984ರಲ್ಲಿ ಇಂಗೆ ಟೆಲ್ನೆಸ್ ಎಂಬ ಎಂಜಿನಿಯರ್‌ಗೆ ಸಿಕ್ಕ ಪೇಟೆಂಟ್ ಈ ತೊಡಕನ್ನು ಬಿಡಿಸಿತು. ಗಾಲಿ ಎಲ್ಲಿ ನಿಲ್ಲಬೇಕೆಂದು ಒಳಗಿನ ಕಂಪ್ಯೂಟರ್ ಚಿಪ್ ಒಂದು ಸಂಖ್ಯೆ ಎತ್ತಿ ತೀರ್ಮಾನಿಸುತ್ತದೆ. ಗಾಲಿ ಅದನ್ನು ಬರಿ ತೋರಿಸುತ್ತದೆ. ಒಂದು ಉದಾಹರಣೆ ನೋಡಿ. ಕಣ್ಣಿಗೆ ಕಾಣುವ ಮೂರು ಗಾಲಿಗಳಲ್ಲಿ ಒಂದೊಂದಕ್ಕೂ 22 ನಿಲುಗಡೆ. ಒಳಗೆ ಒಂದೊಂದಕ್ಕೂ 64 ಸಂಖ್ಯೆ. ಬಹುಮಾನದ ಚಿಹ್ನೆಗೆ ಒಂದೇ ಸಂಖ್ಯೆ, ಅದರ ಮೇಲೆ ಕೆಳಗಿನ ಖಾಲಿ ಜಾಗಕ್ಕೆ ಹಲವು. ನೋಡುವವರಿಗೆ ಗೆಲುವು 10,648ಕ್ಕೆ ಒಂದು ಅನ್ನಿಸುತ್ತದೆ. ನಿಜವಾದದ್ದು 2,62,144ಕ್ಕೆ ಒಂದು. ಬಹುಮಾನದ ಚಿಹ್ನೆ ಮತ್ತೆ ಮತ್ತೆ ಗೆಲುವಿನ ಗೆರೆಯ ಪಕ್ಕದಲ್ಲೇ ಬಂದು ನಿಲ್ಲುತ್ತದೆ. 'ಅಯ್ಯೋ, ಕೂದಲೆಳೆಯಲ್ಲಿ ತಪ್ಪಿತು' ಅಂತ ಅನ್ನಿಸುತ್ತದಲ್ವಾ? ತಪ್ಪಿದ್ದಲ್ಲ, ಹಾಗೆ ಕಾಣುವಂತೆ ಜೋಡಿಸಿದ್ದು. ಕಾನೂನು ಇದನ್ನು ಒಪ್ಪಿದೆ, ನನಗೆ ಒಪ್ಪಲಾಗುವುದಿಲ್ಲ.

ಇದರ ಮೇಲೆ ವೇಗ ಸೇರಿಸಿ. ಒಂದೇ ಸೊನ್ನೆಯ ರೂಲೆಟ್ ಗಂಟೆಗೆ 37 ಸುತ್ತು ನಡೆದರೆ, ಸುತ್ತಿಗೆ ಒಂದು ಚಿಪ್ ಕಟ್ಟುವವನು ಸರಾಸರಿ ಒಂದು ಚಿಪ್ ಕಳೆಯುತ್ತಾನೆ. ನೂರಕ್ಕೆ 92 ವಾಪಸ್ ಕೊಡುವ ಸ್ಲಾಟ್‌ನಲ್ಲಿ ಗಂಟೆಗೆ 600 ಸಲ ಒತ್ತಿದರೆ ಹೋಗುವುದು 48. ಆ 92 ಎಂಬುದೂ ಒಂದು ಸುತ್ತಿನ ಮಾತು. ಕೈಯಲ್ಲಿದ್ದ 100ನ್ನು ಪೂರ್ತಿ ಕಟ್ಟಿ, ಬಂದದ್ದನ್ನೆಲ್ಲ ಮತ್ತೆ ಕಟ್ಟುತ್ತಾ ಹತ್ತು ಸಲ ತಿರುಗಿಸಿದರೆ ಸರಾಸರಿ ಉಳಿಯುವುದು 43. ಹಲವು ಗೆರೆಗಳ ವಿಡಿಯೊ ಸ್ಲಾಟ್‌ನಲ್ಲಿ 50 ಕಟ್ಟಿ 20 ಬಂದರೂ ದೀಪ ಮಿನುಗುತ್ತದೆ, ಸಂಗೀತ ಬರುತ್ತದೆ. 30 ಸೋತವನಿಗೆ ಗೆದ್ದವನ ಸಂಭ್ರಮ.

ಆನ್‌ಲೈನ್ ಸ್ಲಾಟ್‌ಗಳಲ್ಲಿ ಈ ಸುಳ್ಳು ಸಂಭ್ರಮವನ್ನು ಬ್ರಿಟನ್ 2021ರ ಅಕ್ಟೋಬರ್‌ನಲ್ಲಿ ನಿಷೇಧಿಸಿತು. ತಾನಾಗಿ ಆಡುವ ಗುಂಡಿಯನ್ನೂ ತೆಗೆಸಿತು. ಒಂದು ಸುತ್ತಿಗೆ ಕನಿಷ್ಠ 2.5 ಸೆಕೆಂಡ್ ಇರಲೇಬೇಕು ಅಂತ ನಿಯಮ ಮಾಡಿತು. ಒಳ್ಳೆಯ ಹೆಜ್ಜೆ. ಆದರೆ ರೂಲೆಟ್ ಚಕ್ರದ ಮನೆಗಳನ್ನು ಎಣಿಸಿದ ಹಾಗೆ ಸ್ಲಾಟ್‌ನ ಒಳಗಿನ ಸಂಖ್ಯೆಗಳನ್ನು ಎಣಿಸಲು ಯಂತ್ರದ ಮುಂದೆ ಕೂತವರಿಗೆ ಈಗಲೂ ದಾರಿಯಿಲ್ಲ.