ಸವನ್ನಾದ ಮಣ್ಣು: ನನ್ನನ್ನು ತಡೆದು ನಿಲ್ಲಿಸಿದ ಒಂದು ಸಾಲು

ಸವನ್ನಾ ಎಂದರೆ ನೆಲದ ತುಂಬ ಹುಲ್ಲು, ನಡುನಡುವೆ ಮರ. ಮಳೆ, ಮಣ್ಣು, ಬೆಂಕಿ, ಮೇಯುವ ಪ್ರಾಣಿ ಈ ನಾಲ್ಕೂ ಸೇರಿ ಅದನ್ನು ಹಾಗೆ ಉಳಿಸಿವೆ. ಇಷ್ಟು ಸಲೀಸಾಗಿ ತಲೆಗೆ ಹತ್ತಿತು. ಮೂರು ದಿನ ಕಾಡಿದ್ದು ಈ ಸಾಲು: ಒಣ ಸವನ್ನಾದಲ್ಲಿ ಜೇಡಿಗಿಂತ ಮರಳುಮಣ್ಣಿನಲ್ಲೇ ಗಿಡಮರಗಳಿಗೆ ಹೆಚ್ಚು ನೀರು ದಕ್ಕುತ್ತದೆ.

ನೀರು ಹಿಡಿದಿಡುವುದು ಜೇಡಿಯಲ್ಲವೇ? ಹೌದು. ಆದರೆ ಎಷ್ಟು ಆಳದಲ್ಲಿ ಹಿಡಿದಿಡುತ್ತದೆ ಎಂದು ನಾನು ಕೇಳಿಕೊಂಡಿರಲಿಲ್ಲ.

ಒಣಗಿದ ನೆಲಕ್ಕೆ 20 ಮಿ.ಮೀ. ಮಳೆ ಬಿತ್ತೆನ್ನಿ. ಮರಳು ತನ್ನ ಗಾತ್ರದ ನೂರಕ್ಕೆ 10 ಪಾಲು, ಜೇಡಿ 40 ಪಾಲು ನೀರು ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಜೇಡಿಯಲ್ಲಿ ಮೇಲಿನ 5 ಸೆಂ.ಮೀ. ಮಾತ್ರ ನೆನೆಯುತ್ತದೆ, ಮರಳಿನಲ್ಲಿ ತೇವ 20 ಸೆಂ.ಮೀ. ಆಳಕ್ಕೆ ಇಳಿಯುತ್ತದೆ. ಮರುದಿನದಿಂದ ಬಿಸಿಲು ಮೊದಲು ಒಣಗಿಸುವುದು ಮೇಲ್ಪದರವನ್ನು. ಜೇಡಿಯ ನೀರೆಲ್ಲ ಅಲ್ಲೇ ಇದೆ, ಆವಿಯಾಗಿ ಹೋಗುತ್ತದೆ. ಮರಳಿನಲ್ಲಿ ಮೇಲೆ ಒಣಗಿದರೂ ಕೆಳಗಿನ ತೇವ ಬೇರಿಗೆ ಉಳಿಯುತ್ತದೆ. ಸಾಲದ್ದಕ್ಕೆ ಜೇಡಿಯ ಸಣ್ಣ ಕಣಗಳು ಕೊನೆಯ ನೀರನ್ನು ಬಿಟ್ಟುಕೊಡುವುದಿಲ್ಲ. ಮಣ್ಣಿನಲ್ಲಿ ನೀರಿದ್ದೂ ಗಿಡ ಬಾಡುತ್ತದೆ. ಮಳೆ ಹೆಚ್ಚಿರುವ ಕಡೆ ಎರಡೂ ಮಣ್ಣು ಆಳದವರೆಗೆ ನೆನೆಯುತ್ತವೆ. ಆಗ ಮರಳಿನ ನೀರು ಬೇರು ದಾಟಿ ಬಸಿದುಹೋಗಿ, ಜೇಡಿಯೇ ಮೇಲಾಗುತ್ತದೆ. ಈ ತಿರುವು ವರ್ಷಕ್ಕೆ 300ರಿಂದ 500 ಮಿ.ಮೀ. ಮಳೆಯ ನಡುವೆ ಎಲ್ಲೋ ಬರುತ್ತದೆ ಎಂದು ಪರಿಸರ ವಿಜ್ಞಾನಿ ನಾಯ್-ಮೀರ್ 1973ರಲ್ಲಿ ಬರೆದರು. 5 ಮತ್ತು 20ರ ಚಿತ್ರವನ್ನು ದಯವಿಟ್ಟು ಒಮ್ಮೆ ನಿಮ್ಮ ಕೈಯಿಂದಲೇ ಬರೆದುನೋಡಿ.

ಪೋಷಕಾಂಶಕ್ಕೆ ನಾನು ನೆನಪಿಟ್ಟುಕೊಂಡದ್ದು: ಬಡಮಣ್ಣಿಗೆ ಬೆಂಕಿ, ಸಾರಮಣ್ಣಿಗೆ (ಮೇಯುವ) ಬಾಯಿ. ಬಡಮಣ್ಣಿನ ಹುಲ್ಲಿನಲ್ಲಿ ನಾರು ಹೆಚ್ಚು, ಸಾರಜನಕ ಕಡಿಮೆ. ಪ್ರಾಣಿಗಳು ಬಿಟ್ಟದ್ದು ಒಣಗಿ ಉರಿಯುತ್ತದೆ. ಸಾರಜನಕದ ಬಹುಪಾಲು ಗಾಳಿಗೆ ಹೋಗುತ್ತದೆ, ರಂಜಕ ಹೆಚ್ಚಾಗಿ ಬೂದಿಯಲ್ಲೇ ಉಳಿಯುತ್ತದೆ. ಸಾರಮಣ್ಣಿನ ಹುಲ್ಲು ಹೊಟ್ಟೆ ಸೇರಿ, ಸಗಣಿಯಾಗಿ ಬೇಗ ಮಣ್ಣಿಗೆ ಮರಳುತ್ತದೆ. ದಕ್ಷಿಣ ಆಫ್ರಿಕದ ನೈಲ್ಸ್‌ವ್ಲಿ ಎಂಬ ಸವನ್ನಾ ಪ್ರದೇಶದಲ್ಲಿ ಎರಡೂ ಬಗೆಯ ಮಣ್ಣು ಅಕ್ಕಪಕ್ಕದಲ್ಲಿವೆ. ಅಗಲ ಎಲೆಯ ಮರಗಳ ಬಡ ಮರಳಿನ ನಡುವೆ, ಹಿಂದೆ ಜನ ನೆಲೆಸಿದ್ದ ಜಾಗಗಳಲ್ಲಿ ಮಣ್ಣು ಫಲವತ್ತಾಗಿದೆ. ಅಲ್ಲಿ ಮುಳ್ಳಿನ ಅಕೇಶಿಯಾ (ಜಾಲಿ ಬಗೆಯ ಮರ) ಬೆಳೆದಿದೆ.

ಹಾಗೆಂದು ಸಾರಮಣ್ಣಿನಲ್ಲೇ ಸಸ್ಯವೈವಿಧ್ಯ ಹೆಚ್ಚು ಎಂದು ಬರೆಯಬೇಡಿ. ಬ್ರೆಜಿಲ್‌ನ ಸವನ್ನಾ ಆದ ಸೆರಾಡೊದ ಮಣ್ಣು ಬಹುಪಾಲು ಆಮ್ಲೀಯ, ಅಲ್ಯೂಮಿನಿಯಂ ತುಂಬಿದ್ದು. ಆದರೂ ಅಲ್ಲಿ 10,000ಕ್ಕೂ ಹೆಚ್ಚು ಜಾತಿಯ ಸಸ್ಯಗಳಿವೆ. ಅವುಗಳಲ್ಲಿ ಒಂದಾದ ಮೈಕೋನಿಯಾ ಅಲ್ಬಿಕನ್ಸ್ ಸಸಿಯನ್ನು ಸುಣ್ಣದಂಶದ ಮಣ್ಣಿನಲ್ಲಿ ನೆಟ್ಟರೆ ಎಲೆ ಹಳದಿಯಾಗುತ್ತದೆ. ಬೇರಿನ ಒಂದು ಭಾಗಕ್ಕೆ ಅಲ್ಯೂಮಿನಿಯಂ ದ್ರಾವಣ ಕೊಟ್ಟರೆ ಮತ್ತೆ ಹಸಿರಾಗುತ್ತದೆ.