ಪಂಪ್ ಡಬ್ಬಿಯ ಮೇಲಿನ ಅಂಕಿ ಮತ್ತು ಡ್ರ್ಯಾಗ್ ಕಾರಿನ ಹಸಿವು

ನೇರವಾದ ಚಿಕ್ಕ ಟ್ರ್ಯಾಕಿನಲ್ಲಿ ನಿಂತಲ್ಲಿಂದ ಓಡುವ ಡ್ರ್ಯಾಗ್ ರೇಸ್. ಹಸಿರು ದೀಪ ಹತ್ತಿದಾಗ ಕಾರು ಚೆನ್ನಾಗಿಯೇ ಚಿಮ್ಮುತ್ತದೆ. ಟ್ರ್ಯಾಕಿನ ಅರ್ಧ ದಾಟುವಷ್ಟರಲ್ಲಿ ಎಂಜಿನ್ ಸೊರಗುತ್ತದೆ. ಬೈಗುಳ ತಿನ್ನುವುದು ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಕಾರ್ಬ್ಯುರೇಟರ್. ಅದರೊಳಗೆ ಪೆಟ್ರೋಲ್ ಅಳೆದು ಬಿಡುವ ಸಣ್ಣ ರಂಧ್ರ, ಅಂದರೆ ಜೆಟ್, ಬದಲಿಸುವ ಕೆಲಸ ಶುರುವಾಗುತ್ತದೆ. ನಿಜಕ್ಕೂ ಎಷ್ಟೋ ಸಲ ಆಗಿರುವುದು ಇಷ್ಟೇ: ಕಾರ್ಬ್ಯುರೇಟರಿನ ಪುಟ್ಟ ತೊಟ್ಟಿಯಾದ ಫ್ಲೋಟ್ ಬೌಲಿನಲ್ಲಿದ್ದ ಪೆಟ್ರೋಲ್ ಮೊದಲ ಕೆಲವು ಸೆಕೆಂಡಿಗೆ ಸಾಕಾಯಿತು, ಬೌಲನ್ನು ಮತ್ತೆ ತುಂಬಲು ಟ್ಯಾಂಕಿನಿಂದ ಪೆಟ್ರೋಲ್ ತಳ್ಳುವ ವಿದ್ಯುತ್ ಪಂಪಿನ ಕೈಲಿ ಆಗಲಿಲ್ಲ. ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾದರೆ ಪಿಸ್ಟನ್ ತೂತಾಗುವುದೂ ಉಂಟು.

ಲೆಕ್ಕ ಸುಲಭ. ಟರ್ಬೊ ಇಲ್ಲದ ಎಂಜಿನ್ ಪೂರ್ತಿ ಥ್ರಾಟಲ್‌ನಲ್ಲಿ ಪ್ರತಿ ಹಾರ್ಸ್‌ಪವರ್‌ಗೆ ಗಂಟೆಗೆ ಸುಮಾರು 225 ಗ್ರಾಂ ಪೆಟ್ರೋಲ್ ಕುಡಿಯುತ್ತದೆ. 600 ಹಾರ್ಸ್‌ಪವರ್ ಎಂದರೆ 135 ಕಿಲೋ, ಅಂದರೆ ಗಂಟೆಗೆ 180 ಲೀಟರಿನ ಆಸುಪಾಸು. ಹತ್ತು ಸೆಕೆಂಡಿನ ಓಟಕ್ಕೆ ಖರ್ಚಾಗುವುದು ಬರೀ ಅರ್ಧ ಲೀಟರ್! ಮೆಥನಾಲ್ ಆದರೆ ಇದರ ಎರಡು ಪಟ್ಟಿಗೂ ಹೆಚ್ಚು. ಪಂಪಿನ ಸೀಲುಗಳೂ ಅದನ್ನು ತಾಳುವಂಥವಾಗಿರಬೇಕು.

ಹಾಗಾದರೆ ಗಂಟೆಗೆ 200 ಲೀಟರಿನ ಪಂಪ್ ಸಾಕಲ್ಲ? ಸಾಲದು. ಡಬ್ಬಿಯ ಮೇಲಿನ ಅಂಕಿ ಹೆಚ್ಚಾಗಿ ಎದುರೊತ್ತಡವೇ ಇಲ್ಲದಾಗ ಸಿಗುವ ಹರಿವು. ಒತ್ತಡ ಏರಿದಂತೆ ಹರಿವು ಇಳಿಯುತ್ತದೆ. ಅದರ ಮೇಲೆ ಕಾರು ಚಿಮ್ಮುವಾಗಿನ ಪೆಟ್ಟು ಬೇರೆ: ಬಸ್ಸು ಹೊರಟಾಗ ನಿಂತವರು ಹಿಂದಕ್ಕೆ ವಾಲುವಂತೆ ಪೈಪಿನಲ್ಲಿರುವ ಪೆಟ್ರೋಲೂ ಹಿಂದಕ್ಕೆ ಒತ್ತುತ್ತದೆ. ಹಿಂದಿನ ಟ್ಯಾಂಕಿನಿಂದ ಎಂಜಿನ್‌ವರೆಗೆ ಮೂರೂವರೆ ಮೀಟರ್ ಪೈಪ್ ಇದ್ದರೆ, 1 ಜಿ (ಭೂಮಿಯ ಗುರುತ್ವದಷ್ಟು) ವೇಗೋತ್ಕರ್ಷಕ್ಕೆ ಸುಮಾರು 3.7 ಪಿಎಸ್‌ಐ (ಒತ್ತಡದ ಅಳತೆ, ಚದರ ಇಂಚಿಗೆ ಪೌಂಡ್) ಹೋಯಿತು. 2 ಜಿಗೆ 7ಕ್ಕೂ ಮೇಲೆ. ಕಾರಿನ ಹಿಂಭಾಗದಲ್ಲಿ 7 ಪಿಎಸ್‌ಐ ಕೊಡುವ ಪಂಪ್ ಕೂರಿಸಿದವರಿಗೆ ಆ ಕ್ಷಣದಲ್ಲಿ ಮುಂದೆ ಉಳಿಯುವುದು ಸೊನ್ನೆ.

ಅದಕ್ಕೇ ಪಂಪ್ ಹಿಂದೆ 15–18 ಪಿಎಸ್‌ಐನಲ್ಲಿ ಓಡಬೇಕು, ಒತ್ತಡ ಹಿಡಿತದಲ್ಲಿಡುವ ರೆಗ್ಯುಲೇಟರ್ ಮುಂದೆ, ಕಾರ್ಬ್ಯುರೇಟರಿನ ಪಕ್ಕದಲ್ಲೇ ಇದ್ದು ಆ ಒತ್ತಡವನ್ನು 6–7ಕ್ಕೆ ಇಳಿಸಬೇಕು. ಅದಕ್ಕಿಂತ ಜಾಸ್ತಿ ಬಿಟ್ಟರೆ ಬೌಲಿನ ಬಾಯಲ್ಲಿರುವ ಸೂಜಿ ಕವಾಟ ತಡೆಯಲಾರದೆ ಬೌಲ್ ಉಕ್ಕುತ್ತದೆ.

ಇಂಥ ಪಂಪುಗಳು ತಳ್ಳುವುದರಲ್ಲಿ ಗಟ್ಟಿಗರು, ಎಳೆಯುವುದರಲ್ಲಿ ಬಡವರು. ಟ್ಯಾಂಕಿನ ಹತ್ತಿರ, ಅದರ ತಳಕ್ಕಿಂತ ಕೆಳಗೆ ಕೂರಿಸಿ. ಪಂಪಿಗೆ ಮೊದಲು ಬರುವ ಪೈಪ್ ದಪ್ಪಗಿರಲಿ, ಅಲ್ಲಿನ ಫಿಲ್ಟರ್ ಒರಟು ಜಾಲರಿಯದಾಗಿರಲಿ. ಸಣ್ಣ ಕಣ್ಣಿನ ಫಿಲ್ಟರ್ ಪಂಪಿನ ನಂತರ. ಟ್ಯಾಂಕಿನ ಗಾಳಿಕಿಂಡಿ ಚಿಕ್ಕದಾದರೆ ಒಳಗೆ ನಿರ್ವಾತವಾಗಿ ಎಂಥ ದುಬಾರಿ ಪಂಪೂ ಕೈಚೆಲ್ಲುತ್ತದೆ. ಪಂಪಿಗೆ ವಿದ್ಯುತ್ತನ್ನು ರಿಲೇ (ವಿದ್ಯುತ್ತಿನಿಂದಲೇ ನಡೆಯುವ ಸ್ವಿಚ್) ಮೂಲಕ, ದಪ್ಪ ತಂತಿಯಲ್ಲಿ ಕೊಡಿ. ತೆಳು ತಂತಿಯಲ್ಲಿ ಒಂದೆರಡು ವೋಲ್ಟ್ ಕರಗಿದರೂ ಹರಿವು ಎದ್ದು ಕಾಣುವಷ್ಟು ತಗ್ಗುತ್ತದೆ.

ಅನುಮಾನವಿದ್ದರೆ ಅಳೆದೇ ಬಿಡಿ. ಇಗ್ನಿಷನ್ ಆಫ್, ಎಂಜಿನ್ ತಣ್ಣಗೆ, ಬೆಂಕಿ ಆರಿಸುವ ಸಾಧನ ಪಕ್ಕದಲ್ಲಿ. ರೆಗ್ಯುಲೇಟರಿಗೆ ಬರುವ ಪೈಪ್ ಬಿಚ್ಚಿ ಗೇಜು, ಅದರ ಮುಂದೊಂದು ವಾಲ್ವ್ ಜೋಡಿಸಿ. ಪಂಪನ್ನಷ್ಟೇ ಓಡಿಸಿ, ಕಾರಿನ ಚಾಸಿಗೆ (ಲೋಹದ ಚೌಕಟ್ಟಿಗೆ) ತಂತಿಯಿಂದ ಕೂಡಿಸಿದ ಲೋಹದ ಕ್ಯಾನಿಗೆ ಪೆಟ್ರೋಲ್ ಬಿಡಿ. ಗೇಜು 14 ಪಿಎಸ್‌ಐ ತೋರಿಸುವಷ್ಟು ವಾಲ್ವ್ ಬಿಗಿ ಮಾಡಿ: ಕಾರ್ಬ್ಯುರೇಟರಿಗೆ ಬೇಕಾದ 6, ಮೇಲೆ 2 ಜಿ ನುಂಗುವ 8. ಆ ಒತ್ತಡದಲ್ಲಿ ಒಂದು ಲೀಟರ್ ತುಂಬಲು 20 ಸೆಕೆಂಡಿಗಿಂತ ಹೆಚ್ಚು ಹಿಡಿದರೆ 600 ಹಾರ್ಸ್‌ಪವರ್‌ಗೆ ಆ ಪಂಪ್ ಚಿಕ್ಕದು, ಇಲ್ಲವೇ ದಾರಿಯಲ್ಲೆಲ್ಲೋ ಪೈಪ್, ಫಿಲ್ಟರ್, ತಂತಿ ಅದರ ಕುತ್ತಿಗೆ ಹಿಸುಕುತ್ತಿದೆ.