ಫಾರ್ಮ್ ಫೀಲ್ಡ್‌ನ ಹೆಸರು ಪ್ರಶ್ನೆಯ ಐಡಿಯಿಂದ ಬರಲಿ, ಸಾಲಿನಲ್ಲಿರುವ ಸ್ಥಾನದಿಂದಲ್ಲ

ಡೇಟಾಬೇಸ್‌ನಲ್ಲಿರುವ ಸಮೀಕ್ಷೆಯ ಪ್ರಶ್ನೆಗಳನ್ನು ಜಾವಾ ವೆಬ್ ಅಪ್ಲಿಕೇಶನ್‌ನಲ್ಲಿ ಪರದೆಗೆ ತರುವುದು ಸುಲಭ. ಒಂದು ಲೂಪ್, ಪ್ರಶ್ನೆಯ ಬಗೆ ನೋಡುವ ಒಂದು ಸ್ವಿಚ್, ಪಠ್ಯ, ರೇಡಿಯೊ, ಚೆಕ್‌ಬಾಕ್ಸ್‌ಗೆ ಒಂದೊಂದು ತುಣುಕು ಟೆಂಪ್ಲೇಟ್ ಇದ್ದರೆ ಆಯಿತು. ತೊಡಕೆಲ್ಲ ಉತ್ತರಗಳು ಸರ್ವರ್‌ಗೆ ಮರಳುವಾಗ.

ಜಾವಾದ ವೆಬ್ ಚೌಕಟ್ಟಾದ ಸ್ಪ್ರಿಂಗ್ ಎಂವಿಸಿಯಲ್ಲಿ ಉತ್ತರಗಳನ್ನು ಲಿಸ್ಟ್‌ಗೆ ಬೈಂಡ್ ಮಾಡುವ, ಅಂದರೆ ತಾನಾಗಿ ತುಂಬಿಸುವ, ರೂಢಿಯಿದೆ: ಮೊದಲ ಪ್ರಶ್ನೆ 0, ಮುಂದಿನದು 1. ಯಾರೋ ಫಾರ್ಮ್ ತುಂಬುತ್ತಿರುವಾಗ ನಡುವೆ ಹೊಸ ಪ್ರಶ್ನೆ ಸೇರಿತೆನ್ನಿ; ಅಲ್ಲಿಂದಾಚೆಗಿನ ಉತ್ತರಗಳೆಲ್ಲ ಒಂದೊಂದು ಸ್ಥಾನ ಜಾರುತ್ತವೆ. ಎರರ್ ಬರುವುದಿಲ್ಲ, ಅದೇ ಅಪಾಯ. ಹಾಗೆಂದು ಪ್ರಶ್ನೆಯ ಡೇಟಾಬೇಸ್ ಐಡಿಯನ್ನೇ ಲಿಸ್ಟ್‌ನ ಇಂಡೆಕ್ಸ್ ಮಾಡಬೇಡಿ. ಐಡಿ 17 ಬಂದರೆ ಅದಕ್ಕೂ ಹಿಂದಿನ 17 ಸ್ಥಾನಗಳು ಸುಮ್ಮನೆ ಹುಟ್ಟುತ್ತವೆ. ಲಿಸ್ಟ್ ತಾನಾಗಿ ಬೆಳೆಯಲು, ಬೈಂಡ್ ಮಾಡುವ ಸ್ಪ್ರಿಂಗ್ ಭಾಗವಾದ ಡೇಟಾಬೈಂಡರ್‌ನ ಡೀಫಾಲ್ಟ್ ಮಿತಿ 256, ಅದನ್ನು ಮುಟ್ಟಿದ ಐಡಿಗೆ ಬೈಂಡಿಂಗ್ ಮುರಿಯುತ್ತದೆ.

ಪ್ರಶ್ನೆಯ ಐಡಿ ಕೀಲಿಯಾಗಿರುವ ಮ್ಯಾಪ್ (ಕೀಲಿಗೊಂದು ಮೌಲ್ಯ ಇಡುವ ರಚನೆ) ಬಳಸಿ, ಫೀಲ್ಡ್‌ನ ಹೆಸರಿನಲ್ಲೂ ಅದೇ ಐಡಿ ಇರಲಿ. ಒಂದಲ್ಲ, ಎರಡು: ಪಠ್ಯದ ಉತ್ತರಗಳಿಗೆ ಸ್ಟ್ರಿಂಗ್ ಮೌಲ್ಯದ ಮ್ಯಾಪ್, ಆಯ್ಕೆಗಳಿಗೆ ಆಯ್ಕೆಯ ಐಡಿಗಳ ಲಿಸ್ಟ್ ಇರುವ ಮ್ಯಾಪ್. ಎಲ್ಲವನ್ನೂ ಸ್ಟ್ರಿಂಗ್ ಲಿಸ್ಟ್‌ಗೆ ಸುರಿದರೆ, ಸ್ಪ್ರಿಂಗ್‌ನ ಕನ್ವರ್ಟರ್ ಒಂಟಿ ಮೌಲ್ಯವನ್ನು ಅಲ್ಪವಿರಾಮ ಕಂಡಲ್ಲೆಲ್ಲ ಕತ್ತರಿಸುತ್ತದೆ. "ಹೌದು, ಆದರೆ ತಡವಾಯಿತು" ಎಂದು ಬರೆದವರ ಉತ್ತರ ಎರಡು ತುಂಡಾಗುತ್ತದೆ. ಪರೀಕ್ಷೆಯಲ್ಲಿ ಒಂದೊಂದೇ ಪದ ಟೈಪಿಸುವವರಿಗೆ ಇದು ಎಂದೂ ಕಣ್ಣಿಗೆ ಬೀಳದು.

ಫಾರ್ಮ್‌ನ ಗುಪ್ತ ಫೀಲ್ಡ್‌ನಲ್ಲಿ ಸಮೀಕ್ಷೆಯ ಆವೃತ್ತಿಯ ಐಡಿ ಕಳಿಸಿ. ಸರ್ವರ್ ಆ ಆವೃತ್ತಿಯ ಪ್ರಶ್ನೆಗಳನ್ನು ಡೇಟಾಬೇಸ್‌ನಿಂದ ಮತ್ತೆ ತಂದು, ಅವುಗಳ ಮೇಲೆ ಲೂಪ್ ಮಾಡಿ ಉತ್ತರ ಹುಡುಕಲಿ. ಬಂದ ಪ್ಯಾರಾಮೀಟರ್‌ಗಳ ಮೇಲೆ ಲೂಪ್ ಬೇಡ. ಗುರುತೇ ಹಾಕದ ಚೆಕ್‌ಬಾಕ್ಸ್ ಗುಂಪಿನಿಂದ ಬ್ರೌಸರ್ ಏನನ್ನೂ ಕಳಿಸದ ಕಾರಣ, ಕಡ್ಡಾಯ ಪ್ರಶ್ನೆ ಬಿಟ್ಟುಹೋದದ್ದು ಹೀಗೆ ನೋಡಿದರೆ ಮಾತ್ರ ಸಿಗುತ್ತದೆ. ಒಮ್ಮೆ ಉತ್ತರ ಬಿದ್ದ ಪ್ರಶ್ನೆಯ ಪಠ್ಯ ತಿದ್ದಬೇಕಾದರೆ ಹೊಸ ಆವೃತ್ತಿ ಮಾಡಿ, ಹಳೆಯ ಸಾಲು ಹಾಗೇ ಇರಲಿ.

ಇನ್ನೊಂದರ ಉತ್ತರ ನೋಡಿ ಕಾಣಿಸುವ ಷರತ್ತಿನ ಪ್ರಶ್ನೆಗಳಲ್ಲಿ ಇನ್ನೊಂದು ಬಲೆಯಿದೆ. ಸಿಎಸ್‌ಎಸ್‌ನಿಂದ ಮರೆಮಾಡಿದ ಫೀಲ್ಡ್‌ನ ಮೌಲ್ಯ ಸಬ್‌ಮಿಟ್ ಆಗುತ್ತದೆ. ಡಿಸೇಬಲ್ ಮಾಡಿದ್ದು ಆಗುವುದಿಲ್ಲ. ಮರೆಮಾಡುವಾಗ ಡಿಸೇಬಲ್ ಕೂಡ ಮಾಡಿ. ಆದರೂ ಸರ್ವರ್‌ನಲ್ಲಿ ಷರತ್ತನ್ನು ಮತ್ತೆ ಲೆಕ್ಕಹಾಕಿದ ಮೇಲೆಯೇ ಕಡ್ಡಾಯದ ತಪಾಸಣೆ ನಡೆಯಲಿ.

ಜೆಎಸ್‌ಎಫ್ ಎಂಬ ಇನ್ನೊಂದು ಜಾವಾ ಚೌಕಟ್ಟು ಬಳಸುವವರು, ಪಟ್ಟಿಯ ಮೇಲೆ ಲೂಪ್ ಮಾಡುವ ಯುಐ ರಿಪೀಟ್ ಟ್ಯಾಗ್ ಒಳಗೆ ಜೆಎಸ್‌ಟಿಎಲ್ ಎಂಬ ಟ್ಯಾಗ್ ಸಂಗ್ರಹದ ಇಫ್ ಇಟ್ಟು, ಯಾವ ಪ್ರಶ್ನೆಯೂ ಮೂಡದೆ ಒದ್ದಾಡುವುದುಂಟು. ಇಫ್ ನಡೆಯುವುದು ಕಾಂಪೊನೆಂಟ್ ಮರ ಕಟ್ಟುವ ಹೊತ್ತಿಗೆ, ರಿಪೀಟ್‌ನ ವೇರಿಯಬಲ್‌ಗೆ ಆಗ ಇನ್ನೂ ಮೌಲ್ಯವೇ ಬಂದಿರುವುದಿಲ್ಲ. ಅಲ್ಲಿ ಮೂಡಬೇಕೇ ಬೇಡವೇ ಎಂದು ಹೇಳುವ ರೆಂಡರ್ಡ್ ಗುಣವನ್ನೇ ಬಳಸಿ.

ಪ್ರಶ್ನೆಯ ಪಠ್ಯವನ್ನೂ ಯಾರೋ ಟೈಪಿಸಿರುತ್ತಾರೆ, ಅದರಲ್ಲಿನ ಎಚ್‌ಟಿಎಂಎಲ್ ಚಿಹ್ನೆಗಳನ್ನು ಎಸ್ಕೇಪ್ ಮಾಡದೆ (ಬರಿಯ ಅಕ್ಷರವಾಗಿಸದೆ) ಬಿಡಬೇಡಿ. ಟೆಂಪ್ಲೇಟ್ ಎಂಜಿನ್ ಆದ ಥೈಮ್‌ಲೀಫ್‌ನ ಟೆಕ್ಸ್ಟ್ ಗುಣ ಅದನ್ನು ತಾನೇ ಮಾಡುತ್ತದೆ. ಇನ್ನೊಂದು ಬಗೆಯ ಟೆಂಪ್ಲೇಟ್ ಆದ ಜೆಎಸ್‌ಪಿಯಲ್ಲಿ ಬರಿಯ ಎಕ್ಸ್‌ಪ್ರೆಶನ್ ಅದನ್ನು ಮಾಡುವುದಿಲ್ಲ, ಸಿ ಔಟ್ ಟ್ಯಾಗ್ ಬೇಕು.